ಅಳಿಸಿ ಕೊಟ್ಟ ಪುಸ್ತಕಗಳು

ಮಗಳ ಅಕ್ಷರ ದುಂಡಗಾಗುತ್ತಿದೆಯೆಂದು ಹೆದರಿಕೊಳ್ಳುವ ತಾಯಿ ಈ ಕಣಿವೆಯಲ್ಲಿ ತಾನೊಬ್ಬಳೇ ಇರಬೇಕು ಎಂದುಕೊಂಡಳು ಡೆಲ್ಫೀನ್. ಆಗಸ್ಟ್‌ನ ಕೊನೆಯ ಶುಕ್ರವಾರ. ನದಿಯ ಮಂಜು ಆಲೂಗಡ್ಡೆ ಹೊಲಗಳನ್ನು ದಾಟಿ ಬಂದು ಕಿಟಕಿಯ ಹೊರಗೆ ನಿಂತಿತ್ತು, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುವ ನೆಂಟರ ಹಾಗೆ. ಊಟದ ಮೇಜಿನ ತುದಿಯಲ್ಲಿ ಒಂಬತ್ತು ವರ್ಷದ ಓಡೆಟ್ ಬರೆಯುತ್ತಿದ್ದಳು. ತಲೆ ಬಗ್ಗಿಸಿರಲಿಲ್ಲ. ಕಣ್ಣು ಕಿಟಕಿಯ ಕಡೆ, ಕೈ ಪುಟದ ಮೇಲೆ. ಪೆನ್ಸಿಲ್ ಮಾತ್ರ, ಮನೆಯ ದಾರಿ ಗೊತ್ತಿರುವ ಕುದುರೆಯಂತೆ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಡೆಲ್ಫೀನ್ ಕಾಫಿ ಲೋಟ ಹಿಡಿದು ಹಿಂದೆ ನಿಂತು ನೋಡಿದಳು. ಎಡಕ್ಕೆ ವಾಲಿದ, ಒಂದಕ್ಕೊಂದು ಕೈ ಹಿಡಿದ ಅಕ್ಷರಗಳು. ಹೋದ ಚಳಿಗಾಲದವರೆಗೆ ತನ್ನ ಹೆಸರನ್ನೇ ತಿರುವುಮುರುವಾಗಿ ಬರೆಯುತ್ತಿದ್ದ ಹುಡುಗಿ.

"ಪತ್ರ ಹಾಕಿದ್ಯಾ?" ಎಂದ ಗಂಡ ಲೂಸಿಯೆನ್, ಬಾಗಿಲ ಬಳಿ ಬೂಟಿನ ದಾರ ಕಟ್ಟುತ್ತ. ಮರದ ಮಿಲ್ಲಿಗೆ ಹೊರಟಿದ್ದ.

"ಇವತ್ತು ಹಾಕ್ತೀನಿ."

"ಇವತ್ತೇ ಕಡೇ ದಿನ ಕಣೆ. ಮನೇಲೇ ಓದಿಸ್ತೀವಿ, ಹೀಗ್ ಹೀಗೆ ಓದಿಸ್ತೀವಿ ಅಂತ ಸ್ಕೂಲ್ ಆಫೀಸಿಗೆ ಬರೆದು ಹಾಕು. ಇಲ್ಲ ಅಂದ್ರೆ ಸೋಮವಾರ ಬಸ್ ಹತ್ತಿಸು. ಎರಡರಲ್ಲಿ ಒಂದು ಮಾಡಿ ಮೇಜು ಖಾಲಿ ಮಾಡು. ಮೂರು ತಿಂಗಳಿಂದ ತಟ್ಟೆ ತೊಡೆ ಮೇಲಿಟ್ಕೊಂಡು ತಿನ್ತಿದೀನಿ, ಹಡಗಿನಲ್ಲಿ ಇದ್ದ ಹಾಗೆ."

ಮೇಜಿನ ಉಳಿದ ಭಾಗವನ್ನೆಲ್ಲ ನಾಲ್ಕು ಪೆಟ್ಟಿಗೆಗಳು ಆಕ್ರಮಿಸಿದ್ದವು. ಒಂದೊಂದು ಪೆಟ್ಟಿಗೆ ಮನೆಯಲ್ಲಿ ಓದಿಸುವ ಒಂದೊಂದು ದಾರಿ. ಮೊದಲನೆಯದರಲ್ಲಿ ಎಲ್ಲವನ್ನೂ ಹಾಡಿನಂತೆ ಬಾಯಿಪಾಠ ಮಾಡಿಸುವ ಹಳೇ ಪದ್ಧತಿ. ಒಂದು ವಾರ ಮಾಡಿಸಿದಳು. ಓಡೆಟ್ ರಾಜರ ಹೆಸರುಗಳನ್ನು ನಿದ್ದೆಯಲ್ಲಿ ನಡೆಯುವವಳ ಗಂಟಲಲ್ಲಿ ಒಪ್ಪಿಸಿದಳು, ರಾಜರೆಂದರೆ ಯಾರೆಂದು ಕೇಳಲಿಲ್ಲ. ಎರಡನೆಯದರಲ್ಲಿ ದಿನಕ್ಕೊಂದು ಒಳ್ಳೆಯ ಪುಸ್ತಕ ಓದಿ ಹೇಳಿ, ಮಗುವಿನಿಂದ ತಿರುಗಿ ಹೇಳಿಸುವುದು, ಕಾಡಿಗೆ ಹೋಗಿ ಎಲೆಯ ಚಿತ್ರ ಬರೆಸುವುದು. ಓಡೆಟ್ ಎಲೆ ಕೈಲಿ ಹಿಡಿದು ಸಂಜೆಯವರೆಗೆ ಕೂತಳು. ಮೂರನೆಯ ಪೆಟ್ಟಿಗೆ ಬರಿದು, ಯಾಕೆಂದರೆ ಅದು ಏನನ್ನೂ ಕಲಿಸದೆ ಮಗುವನ್ನು ಅದರಷ್ಟಕ್ಕೆ ಬಿಡುವ ದಾರಿ. ಡೆಲ್ಫೀನ್ ಅದರಲ್ಲಿ ಆ ದಾರಿಯವರು ಕೊಟ್ಟ ಒಂದೇ ಒಂದು ಕರಪತ್ರ ಇಟ್ಟಿದ್ದಳು. ಆರು ವರ್ಷದ ಕಿರಿಯ ಮಗಳು ಮಾರ್ಗೋಗೆ ಯಾವ ಪೆಟ್ಟಿಗೆಯಾದರೂ ಒಂದೇ. ಅವಳು ಹಿತ್ತಿಲಲ್ಲಿ ಕೋಳಿಗಳನ್ನು ಸಾಲಾಗಿ ನಿಲ್ಲಿಸಿ ತಾನೇ ಪಾಠ ಹೇಳುತ್ತಿದ್ದಳು, ಕೇಳದ ಕೋಳಿಯನ್ನು ಮೂಲೆಗೆ ಕಳಿಸುತ್ತಿದ್ದಳು. ಎಲ್ಲ ಇದ್ದದ್ದು ಓಡೆಟ್‌ಗಾಗಿ. ನಾಲ್ಕನೆಯದು ಪುಸ್ತಕ ಮಾರಾಟದಲ್ಲಿ ಬೆವರ್ಲಿ ಹ್ಯಾಸ್ಕೆಲ್ ಎಂಬಾಕೆ ಕೊಟ್ಟ ಪೆಟ್ಟಿಗೆ. ಮೂರು ವಾರದಿಂದ ಅದೇ.

ಚರ್ಚಿನ ನೆಲಮಾಳಿಗೆಯಲ್ಲಿ ವಸಂತಕ್ಕೊಮ್ಮೆ ನಡೆಯುವ ಹಳೇ ಪುಸ್ತಕದ ಮಾರಾಟದಲ್ಲಿ ಯಾರೂ ಯಾರಿಗೂ ಹೇಗಿದ್ದೀರಿ ಎಂದು ಕೇಳುವುದಿಲ್ಲ. "ನಿಮ್ಮದು ಯಾವ ದಾರಿ?" ಎಂದು ಕೇಳುತ್ತಾರೆ. ಉದ್ದ ಲಂಗದ ತಾಯಂದಿರು, ಬೆನ್ನಿಗೆ ಕೂಸು ಕಟ್ಟಿಕೊಂಡವರು, ಏಳು ಮಕ್ಕಳನ್ನು ಮನೆಯಲ್ಲೇ ಓದಿಸಿ ಮುಗಿಸಿದವರು ಮೇಜುಗಳ ಹಿಂದೆ ಸಂತೆಯ ತರಕಾರಿಯವರಂತೆ ನಿಂತಿದ್ದರು. ಇನ್ನೂ ನೋಡುತ್ತಿದ್ದೇನೆ ಎಂದಳು ಡೆಲ್ಫೀನ್. ನೋಡುತ್ತಿರುವವರನ್ನು ಅವರೆಲ್ಲ ನೋಡಿದ ರೀತಿ ಅವಳಿಗೆ ಗೊತ್ತಿತ್ತು. ಅದೇ ನೋಟ, ಫೆಬ್ರವರಿಯಲ್ಲಿ ಶಾಲೆಯ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಕುವಂತೆ ಕೂತಿದ್ದಾಗ ಟೀಚರು ನೋಡಿದ್ದು. ಟೀಚರ ಕೈಯಲ್ಲಿ ಮಕ್ಕಳ ಕಲಿಕೆಯನ್ನು ಬಣ್ಣದ ಗೆರೆಗಳಲ್ಲಿ ತೋರಿಸುವ ಹಾಳೆ ಇತ್ತು, ಓಡೆಟ್‌ಳ ಗೆರೆ ಎಲ್ಲಕ್ಕಿಂತ ಕೆಳಗೆ, ಒಣಗಿದ ತೊರೆಯಂತೆ. "ಸ್ವಲ್ಪ ಮಂದ," ಎಂದರು, ಮೃದುವಾಗಿಯೇ. ಓಡೆಟ್ ಪಕ್ಕದಲ್ಲೇ ನಿಂತಿದ್ದಳು, ಕೋಟಿನ ಗುಂಡಿ ಹಾಕಿಕೊಂಡು. ಡೆಲ್ಫೀನ್ ನಕ್ಕಳು. ಯಾಕೆ ನಕ್ಕಳೋ. "ಮನೇಲೂ ಹಂಗೇ ಇವಳು, ಹೇಳಿದ್ದು ಕಿವಿಗೆ ಬೀಳೋಕೆ ಒಂದು ವಾರ ಬೇಕು," ಎಂದಳು. ಟೀಚರೂ ನಕ್ಕರು. ಇಬ್ಬರು ದೊಡ್ಡವರ ನಗುವಿನ ಕೆಳಗೆ ಮಗು ಗುಂಡಿಯನ್ನು ಬಿಚ್ಚಿತು, ಮತ್ತೆ ಹಾಕಿಕೊಂಡಿತು. ಮಾರನೆಯ ವಾರವೇ ಡೆಲ್ಫೀನ್ ಮಗಳನ್ನು ಶಾಲೆ ಬಿಡಿಸಿದಳು. ಅದು ಪ್ರೀತಿಯಿಂದ ಎಂದು ಊರಿಗೆಲ್ಲ ಹೇಳಿದಳು. ತನ್ನ ನಗುವನ್ನು ಕೇಳಿಸಿಕೊಂಡ ಆ ಕೋಣೆಗೆ ಮತ್ತೆ ಕಾಲಿಡಲಾರೆನೆಂಬುದು ನಿಜವಾದ ಕಾರಣವೆಂದು ಅವಳಿಗೆ ಗೊತ್ತಿತ್ತು. ಆವತ್ತಿನಿಂದ ಓಡೆಟ್ ತಾನಾಗಿ ಮಾತಾಡಿದ್ದಿಲ್ಲ. ಕೇಳಿದರೆ ಹೂಂ, ಉಹೂಂ. ಆ ಮಾತು ವಾಪಸು ಬರಬೇಕಿತ್ತು; ನಾಲ್ಕು ಪೆಟ್ಟಿಗೆಗಳೂ ಅದಕ್ಕಾಗಿ ಹಾಕಿದ ಬಲೆಗಳು.

ಬೆವರ್ಲಿಯ ಮೇಜಿನ ಮೇಲೆ ಬೆಲೆ ಚೀಟಿ ಇರಲಿಲ್ಲ. "ತಗೊಂಡು ಹೋಗಿ," ಎಂದಿದ್ದಳು ಆಕೆ, ಬಿಳಿ ಕೂದಲನ್ನು ಜಡೆ ಹಾಕಿ ತಲೆಗೆ ಸುತ್ತಿಕೊಂಡ ದೊಡ್ಡ ಹೆಂಗಸು. "ಮೂರನೇ ತರಗತಿಯಿಂದ ಆರರವರೆಗೆ ಪೂರ್ತಿ ಇದೆ. ಒಂದು ಪುಟ ಹರಿದಿಲ್ಲ. ಬರೆದಿದ್ದನ್ನೆಲ್ಲ ಚಳಿಗಾಲ ಪೂರ್ತಿ ಕೂತು ನಾನೇ ಅಳಿಸಿದೀನಿ." ಅದು ಇಲ್ಲಿಯ ತಾಯಂದಿರ ಹೆಮ್ಮೆ. ಒಂದು ಮಗು ಬರೆದು ತುಂಬಿಸಿದ ಅಭ್ಯಾಸ ಪುಸ್ತಕವನ್ನು ರಬ್ಬರಿನಿಂದ ಸಾಲು ಸಾಲಾಗಿ ಉಜ್ಜಿ, ಚೂರನ್ನು ಬ್ರಶ್ಶಿನಿಂದ ಗುಡಿಸಿ, ಮುಂದಿನ ಮಗುವಿಗೆ ಹೊಸದರಂತೆ ದಾಟಿಸುವುದು. ಅಕ್ಕನ ಉತ್ತರ ಅಳಿಸಿ ತಂಗಿಗೆ, ತಂಗಿಯದು ಅಳಿಸಿ ಪಕ್ಕದ ಮನೆಗೆ. "ನಮ್ಮ ಲೆನೋರಾಗೆ ಇದು ಚೆನ್ನಾಗಿ ಒಗ್ಗಿತು," ಎಂದಿದ್ದಳು ಬೆವರ್ಲಿ. "ಪಕ್ಕದಲ್ಲಿ ಕೂತ್ಕೊಳ್ಳಿ, ಪುಟ ತೆಗೀರಿ, ಸಾಕು. ಮಿಕ್ಕಿದ್ದು ಪುಸ್ತಕವೇ ಮಾಡುತ್ತೆ."

ಪುಸ್ತಕವೇ ಮಾಡಿತು. ಮೊದಲ ದಿನವೇ ಓಡೆಟ್ ಗುಣಾಕಾರದ ಎರಡು ಪುಟ ಮುಗಿಸಿದಳು, ಎಲ್ಲ ಸರಿ. ಮೂರನೆಯ ದಿನ ಪ್ರಶ್ನೆ ಓದುವ ಮೊದಲೇ ಉತ್ತರ ಬರೆದಳು. ಡೆಲ್ಫೀನ್ ಅಡುಗೆಮನೆಗೆ ಓಡಿ, ಕಣ್ಣು ಒರೆಸಿಕೊಂಡು, ಲೂಸಿಯೆನ್‌ನ ಮಿಲ್ಲಿಗೆ ಫೋನು ಮಾಡಿದಳು. ಎರಡನೆಯ ವಾರ ಒಂದು ವಿಚಿತ್ರ ಕಂಡಳು. ಏಳೆಂಟು ಲೆಕ್ಕ ಸರಿ ಮಾಡಿದ ಮೇಲೆ ಒಂದು ತಪ್ಪು, ತಪ್ಪಿನ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ಸಣ್ಣದಾಗಿ ಸರಿ ಉತ್ತರ. ಓಡೆಟ್ ಅದನ್ನು ತಡವರಿಸದೆ, ಒಂದೇ ಉಸಿರಿನಲ್ಲಿ, ತಪ್ಪೂ ಪಾಠದ ಭಾಗವೇ ಎಂಬಂತೆ ಬರೆದಳು. ನಿನ್ನೆ 'ನನ್ನ ಮನೆ' ಎಂಬ ಪುಟ ಬಂದಿತ್ತು. ಐದು ವಾಕ್ಯ ಬರೆಯಿರಿ. ಓಡೆಟ್ ಬರೆದಳು: ನಮ್ಮ ಮನೆಯ ಹಿಂದೆ ಬಾವಿ ಇದೆ. ಅದರ ಮುಚ್ಚಳ ಹಸಿರು. ನನ್ನ ತಮ್ಮ ಮುಚ್ಚಳದ ಮೇಲೆ ಕೂರುತ್ತಾನೆ. ಅಮ್ಮ ಪಕ್ಕದಲ್ಲಿ ಕೂತರೆ ನನಗೆ ಉಸಿರು ಕಟ್ಟುತ್ತದೆ. ಇದು ಐದನೆಯ ವಾಕ್ಯ.

ಡೆಲ್ಫೀನ್ ಆಗ ಪಕ್ಕದಲ್ಲೇ ಕೂತಿದ್ದಳು. ತೋಳಿಗೆ ತೋಳು ತಾಕುವಷ್ಟು ಹತ್ತಿರ. ನಿಧಾನವಾಗಿ ಎದ್ದು ಸಿಂಕಿನ ಬಳಿ ಹೋಗಿ ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆದಳು. ರಾತ್ರಿ ಅವಳಿಗೆ ನಿದ್ದೆ ಕೊಡದಿದ್ದದ್ದು ಇಲ್ಲದ ಬಾವಿಯಲ್ಲ, ಇಲ್ಲದ ತಮ್ಮನಲ್ಲ. ನಾಲ್ಕನೆಯ ವಾಕ್ಯ.

"ಪ್ಲೋಯ್ ತಣ್ಣಗಾಗ್ತಿದೆ," ಎಂದು ಮೆಮೆ ಒಲೆಯ ಬಳಿಯಿಂದ ಕೂಗಿದರು. ಲೂಸಿಯೆನ್‌ನ ತಾಯಿ, ಮನೆಯವರಿಗೆಲ್ಲ ಮೆಮೆ, ಎಂದರೆ ಅಜ್ಜಿ, ಪಕ್ಕದ ಪುಟ್ಟ ಮನೆಯಿಂದ ಪ್ರತಿ ಶುಕ್ರವಾರ ಬಂದು, ತಿರುವಿ ಹಾಕದ, ಮೈತುಂಬ ಕಣ್ಣುಬಿಟ್ಟ ಬಕ್‌ವೀಟ್ ಹಿಟ್ಟಿನ ಪ್ಲೋಯ್ ದೋಸೆ ಹುಯ್ದು ಕೊಡುತ್ತಿದ್ದರು. "ನಾಲ್ಕು ಪೆಟ್ಟಿಗೆ ಅಂತೆ. ನಮಗೆ ಒಬ್ಬಳು ಸನ್ಯಾಸಿನಿ, ಒಂದು ಕೋಲು. ಶಾಲೇಲಿ ಮನೆ ಭಾಷೆ ಬಾಯಿಗೆ ಬಂದ್ರೆ ಮೂಲೆ. ನಾವೇನು ಕಲೀಲಿಲ್ವಾ?"

"ಏನು ಕಲಿತ್ರಿ ಮೆಮೆ?"

"ಬಾಯಿ ಮುಚ್ಕೊಂಡಿರೋದು." ಮೆಮೆ ತಮ್ಮ ಮಾತಿಗೆ ತಾವೇ ನಕ್ಕು, ಮೇಜಿಗೆ ತಟ್ಟೆ ತಂದವರು, ಓಡೆಟ್‌ಳ ಹಿಂದೆ ನಿಂತುಬಿಟ್ಟರು. ಬಹಳ ಹೊತ್ತು ನೋಡಿದರು. "ಯಾರ ಪುಸ್ತಕ ಇದು?"

"ಬೆವರ್ಲಿ ಹ್ಯಾಸ್ಕೆಲ್ ಕೊಟ್ಟಿದ್ದು."

"ಬೇರೆ ಮಗುವಿನ ಕೋಟು ಮನೆಗೆ ಬಂದ್ರೆ ಜೇಬು ಹೊರಗೆ ತಿರುಗಿಸಿ ಹೊಸಲ ಹೊರಗೆ ಮೂರು ಸಲ ಕೊಡವಬೇಕು. ನಮ್ಮಮ್ಮ ಹಂಗೇ ಮಾಡ್ತಿದ್ರು. ಇಲ್ಲಾಂದ್ರೆ ಆ ಮಗು ಚಳಿ ಆಗುತ್ತೆ ಅಂತ ಕೋಟು ಹುಡುಕ್ಕೊಂಡು ಬರುತ್ತೆ, ಒಳಗೆ ಯಾರಿದಾರೆ ಅಂತ ನೋಡಲ್ಲ, ತೊಟ್ಕೊಂಡುಬಿಡುತ್ತೆ." ಮೆಮೆ ಇದನ್ನು ಉಪ್ಪು ಎಲ್ಲಿದೆ ಎಂದು ಕೇಳುವ ದನಿಯಲ್ಲಿ ಹೇಳಿದರು. "ಪುಸ್ತಕಕ್ಕೆ ಜೇಬು ಎಲ್ಲಿರುತ್ತೋ ನನಗೆ ಗೊತ್ತಿಲ್ಲಪ್ಪ."

ಓಡೆಟ್ ಒಂದು ಸಾಲು ಮುಗಿಸಿ, ಪೆನ್ಸಿಲ್ ಕೆಳಗಿಟ್ಟು, ಕಣ್ಣು ಮುಚ್ಚಿದಳು. ತೋರುಬೆರಳ ತುದಿಯನ್ನು ಮುಂದಿನ ಖಾಲಿ ಸಾಲಿನ ಮೇಲೆ ಎಡದಿಂದ ಬಲಕ್ಕೆ ಸರಿಸಿದಳು, ಕತ್ತಲಲ್ಲಿ ಗೋಡೆ ಸವರಿ ಬಾಗಿಲು ಹುಡುಕುವವರ ಹಾಗೆ. ಆಮೇಲೆ ಕಣ್ಣು ತೆರೆದು ಬರೆದಳು.

"ಏನು ಮಾಡ್ತಿದೀಯ ಪುಟ್ಟೀ?" ಡೆಲ್ಫೀನ್‌ಳ ದನಿ ಅವಳಿಗೇ ದೂರದಿಂದ ಕೇಳಿತು.

"ಇಲ್ಲಿ ತಗ್ಗಿದೆ ಮಮಾ. ಪೆನ್ಸಿಲ್ ಇಟ್ರೆ ತಾನೇ ಹೋಗುತ್ತೆ."

ಡೆಲ್ಫೀನ್ ಪುಸ್ತಕವನ್ನು ಕಿತ್ತುಕೊಂಡು ಕಿಟಕಿಗೆ ವಾರೆಯಾಗಿ ಹಿಡಿದಳು. ಮಂಜಿನ ಬೆಳಕಿನಲ್ಲಿ ಖಾಲಿ ಪುಟ ಖಾಲಿಯಾಗಿರಲಿಲ್ಲ. ಸಾಲಿನ ಮೇಲೆ ಸಾಲು, ಬಣ್ಣವಿಲ್ಲದ ಅಕ್ಷರಗಳು, ಗಟ್ಟಿಯಾಗಿ ಒತ್ತಿ ಬರೆದ ಯಾವುದೋ ಮಗುವಿನ ಕೈ, ಹಿಮದ ಮೇಲೆ ಹಕ್ಕಿ ನಡೆದು ಹೋದ ಗುರುತಿನಂತೆ. ಎದೆ ಮೊದಲು, ನಾಚಿಕೆಗೇಡೆಂದರೂ, ಹಗುರಾಯಿತು. ಹಾಗಾದರೆ ನಾಲ್ಕನೆಯ ವಾಕ್ಯ ಇವಳದಲ್ಲ. ಅದು ಬೆವರ್ಲಿಯ ಮಗಳದು. ಬೆವರ್ಲಿ ಪಕ್ಕದಲ್ಲಿ ಕೂತರೆ ಯಾರಿಗಾದರೂ ಉಸಿರು ಕಟ್ಟೀತು. ಆ ಹಗುರದಲ್ಲೇ ಡ್ರಾಯರಿನಿಂದ ಹೊಸ ಕಾಗದದ ಕಟ್ಟು ಒಡೆದು ಒಂದು ಹಾಳೆ ತಂದು ಮಗಳ ಮುಂದೆ ಇಟ್ಟಳು. "ಇದರಲ್ಲಿ ಬರಿ. ನಿನಗೆ ಏನು ಬೇಕೋ ಅದು."

ಓಡೆಟ್ ಬೆರಳಿನಿಂದ ಹಾಳೆಯನ್ನು ಸವರಿದಳು. ಮೇಲಿಂದ ಕೆಳಕ್ಕೆ, ಅಂಚಿನಿಂದ ಅಂಚಿಗೆ. ಹಾಳೆ ಮಗುಚಿ ಹಿಂಬದಿಯನ್ನೂ ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ, ದೂರಲ್ಲ, ಮಾಹಿತಿ ಎಂಬಂತೆ ಹೇಳಿದಳು:

"ಇದರಲ್ಲಿ ಯಾರೂ ಇಲ್ಲ."

ಬೆವರ್ಲಿಯ ಮನೆಗೆ ನಲವತ್ತು ನಿಮಿಷದ ದಾರಿ. ಮಕ್ಕಳನ್ನು ಮೆಮೆಯ ಬಳಿ ಬಿಟ್ಟು ಹೊರಟ ಡೆಲ್ಫೀನ್‌ಗೆ ದಾರಿಯುದ್ದಕ್ಕೂ ಹೊಲಗಳ ಸಾಲುಗಳು ಕಂಡವು, ಒಂದರ ಪಕ್ಕ ಒಂದು, ಬೆಟ್ಟ ಹತ್ತಿ ಇಳಿಯುವ ತೋಡುಗಳು. ಇಲ್ಲಿ ಯಾರೂ ಎಲ್ಲಿಗೂ ನೇರ ನಡೆದುಹೋಗಲಾರರು, ಎಲ್ಲರ ಕಾಲನ್ನೂ ಯಾರೋ ಉತ್ತು ಹೋದ ಸಾಲೇ ಒಯ್ಯುತ್ತದೆ ಎನಿಸಿತು. ಏನು ಕೇಳಬೇಕೆಂದು ಹೊರಟಿದ್ದೇನೆ? ನಿಮ್ಮ ಮಗಳನ್ನು ವಾಪಸು ತಗೊಳ್ಳಿ ಎಂದೇ? ಪೆಟ್ಟಿಗೆ ಹಿಂದಿನ ಸೀಟಿನಲ್ಲಿತ್ತು. ತಿರುವಿನಲ್ಲಿ ಅದು ಸರಿದಾಗ ಡೆಲ್ಫೀನ್, ಮಕ್ಕಳಿದ್ದಾಗಿನ ರೂಢಿಯಿಂದ, "ಸರಿಯಾಗಿ ಕೂತ್ಕೋ," ಎಂದುಬಿಟ್ಟಳು.

ಬೆವರ್ಲಿಯ ಅಡುಗೆಮನೆ ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಮೇಜಿನ ಮೇಲೆ ಮತ್ತೊಂದು ಕಟ್ಟು, ಏಳನೆಯ ತರಗತಿಯದು. ಮೇಜಿನ ಆ ಬದಿಯಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಬೆನ್ನು ನೆಟ್ಟಗಿಟ್ಟು ಅಳಿಸುತ್ತ ಕೂತಿದ್ದಳು. ಎದ್ದು ನಿಂತು, "ನಮಸ್ಕಾರ. ನಾನು ಲೆನೋರಾ. ನಿಮಗೆ ಚಹಾ ಬೇಕೆ ಅಥವಾ ಕಾಫಿ ಬೇಕೆ?" ಎಂದಳು. ಒಂದು ಅಕ್ಷರವೂ ನುಂಗದ ಮಾತು, ಪುಟದಿಂದ ಎತ್ತಿ ತಂದಂತೆ.

"ಪುಸ್ತಕ ವಾಪಸ್ ತಂದಿರಾ?" ಬೆವರ್ಲಿಯ ಮುಖದಲ್ಲಿ ನೋವು ಕಂಡಿತು. "ಒಗ್ಗಲಿಲ್ವಾ?"

"ಒಗ್ಗಿತು. ಅದೇ ತೊಂದರೆ." ಡೆಲ್ಫೀನ್ 'ನನ್ನ ಮನೆ' ಪುಟ ತೆಗೆದಳು. "ನನ್ನ ಮಗಳು ನಿಮ್ಮ ಮಗಳ ಅಕ್ಷರದ ಮೇಲೇ ಬರೀತಿದಾಳೆ. ನೋಡಿ, ನಿಮ್ಮ ಬಾವಿ, ನಿಮ್ಮ ಮಗ."

ಬೆವರ್ಲಿ ಕನ್ನಡಕ ಹಾಕಿಕೊಂಡು ಓದಿದಳು. ನಾಲ್ಕನೆಯ ವಾಕ್ಯದ ಮೇಲೆ ಅವಳ ತುಟಿ ಒಂದು ಕ್ಷಣ ನಿಂತು ಮುಂದೆ ಹೋಯಿತು. "ನಮ್ಮಲ್ಲಿ ಬಾವಿ ಇಲ್ಲಮ್ಮ," ಎಂದಳು. "ಯಾವತ್ತೂ ಇರಲಿಲ್ಲ. ನನಗಿರೋಳು ಇವಳೊಬ್ಬಳೇ."

ಲೆನೋರಾ ರಬ್ಬರು ಕೆಳಗಿಟ್ಟಳು. ಪುಟದ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ಎಡದಿಂದ ಬಲಕ್ಕೆ ಸವರಿದಳು. ಬಹಳ ದಿನದ ಮೇಲೆ ತವರಿನ ಹಾಸಿಗೆ ಸವರುವ ಹೆಣ್ಣಿನ ಹಾಗೆ. "ನಾನು ಇದನ್ನು ಬರೆಯುವಾಗಲೂ ತಗ್ಗು ಇತ್ತು," ಎಂದಳು. "ನಾನು ಅದರ ಮೇಲೆಯೇ ಬರೆದೆ."

"ಲೆನೋರಾ," ಎಂದಳು ಬೆವರ್ಲಿ.

"ಹೌದು ಅಮ್ಮ. ಅಮ್ಮ ಈ ಪೆಟ್ಟಿಗೆಯನ್ನು ದಕ್ಷಿಣದ ಕಡೆಯ ಒಂದು ಮಾರಾಟದಿಂದ ತಂದಿದ್ದರು. ಯಾರೋ ಅಳಿಸಿ ಕೊಟ್ಟಿದ್ದರು. ಪೆಟ್ಟಿಗೆಯ ಮೇಲೆ ಹೆಸರಿರಲಿಲ್ಲ." ಅವಳು ಡೆಲ್ಫೀನ್‌ಳನ್ನು ನೋಡಿದಳು. ಕಣ್ಣು ಸ್ವಚ್ಛವಾಗಿತ್ತು, ಗುಡಿಸಿದ ಕೋಣೆಯಂತೆ. "ನಾನು ಆ ಹಸಿರು ಮುಚ್ಚಳವನ್ನು ಬಹಳ ಹುಡುಕಿದ್ದೇನೆ. ಚಿಕ್ಕವಳಿದ್ದಾಗ ನಮ್ಮ ಹಿತ್ತಿಲಿನಲ್ಲಿ ಹುಡುಕಿದೆ. ಈಗಲೂ ಯಾರದಾದರೂ ಮನೆಗೆ ಹೋದರೆ ಹಿಂದೆ ಹೋಗಿ ನೋಡುತ್ತೇನೆ. ತಮ್ಮ ಬೀಳದಿದ್ದರೆ ಸಾಕು."

"ಸುಮ್ನೆ ಏನೇನೋ ಹೇಳ್ಬೇಡ," ಎಂದಳು ಬೆವರ್ಲಿ, ಗದರಿಸಿದ್ದಲ್ಲ, ಬೇಡಿಕೊಂಡದ್ದು. ಬಾಗಿಲವರೆಗೆ ಬಂದವಳು ತಗ್ಗಿದ ದನಿಯಲ್ಲಿ, "ಒಳ್ಳೇ ಹುಡುಗಿ. ಒಂದು ದಿನಾನೂ ಎದುರಾಡಿಲ್ಲ. ಹದಿಮೂರು ವರ್ಷ ಪಕ್ಕದಲ್ಲೇ ಕೂತು ಓದಿಸಿದೆ. ಒಂದೊಂದು ಸಲ ಅನ್ಸುತ್ತೆ, ನನ್ನದು ಅಂತ ಇವಳು ಒಂದು ಮಾತು ಹೇಳಿದ್ದು ಯಾವಾಗ ಅಂತ. ನಿಮಗೆ ಹಾಗೆ ಅನ್ಸುತ್ತಾ?" ಎಂದಳು. ಡೆಲ್ಫೀನ್ ಕಾರಿನ ಬಾಗಿಲು ತೆರೆದಳು. ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಟ್ಟು ಬಂದಿದ್ದಳು. ಕಾರು ತಿರುಗಿಸುವಾಗ ಕನ್ನಡಿಯಲ್ಲಿ ಕಂಡದ್ದು, ಮನೆಯ ಹಿಂದಿನ ಹುಲ್ಲಿನ ಮೇಲೆ ಲೆನೋರಾ ನಿಂತು ನೆಲ ನೋಡುತ್ತಿದ್ದುದು.

ದಾರಿಯ ಬದಿಗೆ ಕಾರು ನಿಲ್ಲಿಸಿ ಪತ್ರ ಬರೆಯಲು ಕೂತಳು. ಮಾನ್ಯ ಶಾಲಾ ಅಧೀಕ್ಷಕರೆ, ಈ ವರ್ಷ ನನ್ನ ಮಕ್ಕಳಿಗೆ ಮನೆಯಲ್ಲಿಯೇ ಶಿಕ್ಷಣ ನೀಡುವ ಉದ್ದೇಶವಿರುತ್ತದೆ. ಪೆನ್ನು ಸರಾಗವಾಗಿ ಓಡಿತು, ಅಷ್ಟು ಸರಾಗವಾಗಿ ಓಡಿದ್ದರಿಂದಲೇ ನಿಲ್ಲಿಸಿದಳು. ಇದು ಮಾರಾಟದ ದಿನ ಹಂಚಿದ ಮಾದರಿ ಪತ್ರದ ಮಾತು. ಆ ತಾಯಂದಿರೆಲ್ಲ ಇದನ್ನೇ ಬರೆದಿದ್ದಾರೆ. ತಾನು ಮಗಳ ಬಗ್ಗೆ ಟೀಚರಿಗೆ ಹೇಳಿದ ಮಾತಾದರೂ ತನ್ನದೇ? ಕಿವಿಗೆ ಬೀಳೋಕೆ ಒಂದು ವಾರ ಬೇಕು. ಅದು ಅವಳ ಅಪ್ಪ ಅವಳ ಬಗ್ಗೆ ನೆಂಟರೆದುರು ಹೇಳುತ್ತಿದ್ದ ಮಾತು, ಅದೇ ಏರಿಳಿತ, ಅದೇ ನಗು. ಬಾಯಿ ತೆರೆದರೆ ತಾನೇ ಹೋಗುವ ಮಾತು. ಹಾಗಾದರೆ ಬಸ್ಸು? ಬಸ್ಸಿನ ದಾರಿಯೂ ತಗ್ಗೇ, ಇನ್ನೂ ಆಳ, ಇನ್ನೂ ಹೆಚ್ಚು ಮಕ್ಕಳು. ಹೇಗೆ ಕಲಿಸುವಿರಿ ಎಂದು ಹೇಳಬೇಕಾದ ಜಾಗಕ್ಕೆ ಬಂದಾಗ ಪೆನ್ನನ್ನು ಬಹಳ ಹೊತ್ತು ಗಾಳಿಯಲ್ಲಿ ಹಿಡಿದಳು. ಕೊನೆಗೆ, 'ಇನ್ನೂ ಗೊತ್ತಿಲ್ಲ' ಎಂದು ಬರೆದಳು. ಊರಿನ ಅಂಚೆಪೆಟ್ಟಿಗೆಗೆ ಹಾಕುವಾಗ, ಇಂಥ ಉತ್ತರ ಬರೆದವರಿಗೆ ಏನು ಮಾಡುತ್ತಾರೋ ಎಂಬ ಭಯವಾಯಿತು. ಕವರು ಆಗಲೇ ಕೈಬಿಟ್ಟಿತ್ತು.

ಮಧ್ಯಾಹ್ನ ಮಂಜು ಹರಿದು ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಹಿತ್ತಿಲಲ್ಲಿ ಮಾರ್ಗೋ ಯಾವುದೋ ಕೋಳಿಯನ್ನು ಬೈಯುತ್ತಿದ್ದಳು. ಓಡೆಟ್ ಬೆಳಿಗ್ಗೆಯ ಜಾಗದಲ್ಲೇ, ಅದೇ ಖಾಲಿ ಹಾಳೆಯ ಮುಂದೆ ಕೂತಿದ್ದಳು. "ಊಟಕ್ಕೂ ಏಳ್ಲಿಲ್ಲ," ಎಂದರು ಮೆಮೆ ಚೀಲ ಎತ್ತಿಕೊಳ್ಳುತ್ತ. "ಯಾರಾದ್ರೂ ಬರ್ತಾರಾ ಅಂತ ಬಾಗಿಲು ಕಾಯೋ ಹಾಗೆ ಕೂತಿದೆ ಮಗು. ನನಗೆ ನೋಡೋಕಾಗಲ್ಲ, ನಾನು ಹೊರಟೆ."

ಡೆಲ್ಫೀನ್ ಎದುರಿನ ಕುರ್ಚಿಯಲ್ಲಿ ಕೂತಳು.

"ಪೆಟ್ಟಿಗೆ ಎಲ್ಲಿ ಮಮಾ?"

"ಕೊಟ್ಟು ಬಂದೆ."

ಓಡೆಟ್ ಅಳಲಿಲ್ಲ. ಯೋಚಿಸಿದಳು. ಆಮೇಲೆ ಹಾಳೆಯನ್ನು ಮೇಜಿನ ಮೇಲೆ ಈಚೆಗೆ ತಳ್ಳಿ, ಪೆನ್ಸಿಲನ್ನು ಅದರ ಮೇಲಿಟ್ಟಳು. "ಹಾಗಾದ್ರೆ ನೀನು ಮೊದಲು ಬರಿ ಮಮಾ," ಎಂದಳು. "ಗಟ್ಟಿಯಾಗಿ ಒತ್ತಿ ಬರಿ. ಆಮೇಲೆ ಅಳಿಸಿ ಕೊಡು."

ಆರು ತಿಂಗಳಲ್ಲಿ ಮಗಳು ತಾನಾಗಿ ಆಡಿದ ಅತಿ ಉದ್ದದ ಮಾತು. ಡೆಲ್ಫೀನ್ ಪೆನ್ಸಿಲ್ ಎತ್ತಿಕೊಂಡಳು. ಎಷ್ಟು ಸುಲಭ. ಒಂದು ಪುಟ ಸಾಕು. ನಾನು ಅಮ್ಮನನ್ನು ಪ್ರೀತಿಸುತ್ತೇನೆ ಎಂದು ಒತ್ತಿದರೆ ನಾಳೆ ಬೆಳಿಗ್ಗೆ ಮಗಳ ಕೈಯಲ್ಲಿ ಅದೇ ಬರುತ್ತದೆ, ಎಡಕ್ಕೆ ವಾಲದೆ, ತಾಯಿಯ ಅಕ್ಷರದಲ್ಲೇ, ಸಾಯುವವರೆಗೆ. ಅಮ್ಮ ಮಾಡಿದ್ದು ಸರಿ ಎಂದು ಒತ್ತಬಹುದು. ಕ್ಷಮಿಸಿದ್ದೇನೆ ಎಂದು ಒತ್ತಬಹುದು. ಅವಳ ಎಡಗೈ ಹಾಳೆಯನ್ನು ನೇರ ಮಾಡಲು ಹೋಯಿತು. ಆಗ, ಬೆಳಿಗ್ಗೆಯಷ್ಟೇ ಕಟ್ಟು ಒಡೆದು ತೆಗೆದ ಆ ಹಾಳೆಯ ಮೇಲೆ, ತೋರುಬೆರಳಿನ ತುದಿಗೆ ಒಂದು ತಗ್ಗು ಸಿಕ್ಕಿತು. ತೀರಾ ನವಿರು. ಎಡದಿಂದ ಬಲಕ್ಕೆ. ಬೆರಳು ಇಷ್ಟು ದೂರ ಸರಿದು ಮುಂದೇನಿದೆಯೆಂದು ತವಕಿಸಿತು. ಬಲಗೈಯಲ್ಲಿ ಪೆನ್ಸಿಲು ತಾನಾಗಿ ಭಾರವಾಗಿ ಕೆಳಕ್ಕೆ ಬಾಗಿತು.

ಡೆಲ್ಫೀನ್ ಬೆರಳನ್ನು ಮಡಚಿ ಮುಷ್ಟಿ ಕಟ್ಟಿಕೊಂಡಳು. ಪೆನ್ಸಿಲನ್ನು ಮಗಳ ಕಡೆಗೆ ಉರುಳಿಸಿದಳು.

"ನನಗೂ ಏನೂ ಹೊಳೀತಿಲ್ಲ," ಎಂದಳು.

"ನಿನಗೂ ಇಲ್ವಾ?" ಓಡೆಟ್ ತಲೆಯೆತ್ತಿ ನೋಡಿದಳು. ಆ ಕಣ್ಣಿನಲ್ಲಿ ಏನಿತ್ತೋ, ಭಯವೋ, ಕುತೂಹಲವೋ. ಯಾವುದಾದರೂ ಅದು ಇಲ್ಲಿಯದು, ಈಗಿನದು ಅನ್ನಿಸಿತು. "ದೊಡ್ಡವರಿಗೂ?"

"ದೊಡ್ಡವರಿಗೂ."

"ಮತ್ತೆ ಏನ್ಮಾಡೋದು?"

"ಗೊತ್ತಿಲ್ಲ. ನಾನಂತೂ ನೋಡಲ್ಲ. ಸರಿ ಅನ್ನಲ್ಲ, ತಪ್ಪು ಅನ್ನಲ್ಲ." ಡೆಲ್ಫೀನ್ ಎದ್ದಳು. ಕಿಟಕಿಗೆ ಹೋಗಿ, ಮೇಜಿಗೆ ಬೆನ್ನು ಮಾಡಿ ನಿಂತಳು. ಹೊರಗೆ ಹೊಲದ ಸಾಲುಗಳು ಬಿಸಿಲಿನಲ್ಲಿ ಹೊಗೆಯಾಡುತ್ತಿದ್ದವು. ಹಿಂದೆ ಬಹಳ ಹೊತ್ತು ಏನೂ ಇರಲಿಲ್ಲ. ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂಬಷ್ಟು ಸುಮ್ಮನೆ. ಮೇಜಿನ ಬಳಿ ಓಡೆಟ್‌ಳೇ ಕೂತಿದ್ದಾಳೆಂದು ನೋಡದೆ ನಂಬಬೇಕಿತ್ತು. ಅಷ್ಟು ನಂಬುವುದು ಎಷ್ಟು ಕಷ್ಟವೆಂದು ಅವಳಿಗೆ ಈಗ ಗೊತ್ತಾಗುತ್ತಿತ್ತು. ಆಮೇಲೆ ಕುರ್ಚಿ ಕಿರುಗುಟ್ಟಿತು. ಪೆನ್ಸಿಲ್ ಕಾಗದಕ್ಕೆ ತಾಕಿತು, ನಿಂತಿತು, ಎಲ್ಲೋ ತಡವರಿಸಿತು, ಮತ್ತೆ ಸರಿಯಿತು. ಯಾರು ಬರೆಯುತ್ತಿದ್ದಾರೆಂದು ತಿಳಿಯುವ ಆಸೆಯಿಂದ ಅವಳ ಕುತ್ತಿಗೆಯ ನರ ಬಿಗಿದು ನೋಯುತ್ತಿತ್ತು. ಡೆಲ್ಫೀನ್ ತಿರುಗಿ ನೋಡಲಿಲ್ಲ.